ಸ್ಪ್ಯಾನರ್ ಹಿಡಿಯೋ ಮುಂಚೆ

ಮಾಮೂಲ್‌ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೀಯ, ಒಳ್ಳೇದಾಗಲಪ್ಪ. ನಮ್ಮ ಕಸುಬಿಗೆ ಇದಕ್ಕಿಂತ ಅನುಕೂಲದ ಜಾಗ ಬೆಂಗಳೂರಲ್ಲಿ ಸಿಗೋದು ಕಷ್ಟ. ನಟ್ಟು ಬೋಲ್ಟಿಗೆ ಗಲ್ಲಿ ದಾಟಿದರೆ ಸಾಕು. ವೈರು, ಸ್ವಿಚ್ಚಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಂಜಿನ್ನು ಪಂಪ್‌ಸೆಟ್ಟಿನ ಸಾಮಾನಿಗೆ ಎಸ್.ಜೆ.ಪಿ. ರಸ್ತೆ, ಗಾಡಿ ಸಾಮಾನಿಗೆ ಜೆ.ಸಿ. ರಸ್ತೆ. ಎಲ್ಲಾ ನಡೆದು ಹೋಗುವಷ್ಟು ಹತ್ತಿರ. ಆದರೆ ಹೊಸಬರ ಕೈ ಕೆಡೋದೂ ಈ ಅನುಕೂಲದಿಂದಲೇ. ಸಾಮಾನು ಸಲೀಸಾಗಿ ಸಿಗುವ ಕಡೆ, ಯೋಚನೆ ಮಾಡೋ ಮೊದಲೇ ಸಾಮಾನು ಬದಲಾಯಿಸುವ ಚಾಳಿ ಹತ್ತಿಬಿಡುತ್ತೆ. ಮೊದಲು ಹೊಸ ಪ್ಲಗ್ಗು, ಆಗಲಿಲ್ಲ ಅಂದರೆ ಕಾಯಿಲ್, ಅದಕ್ಕೂ ಬಗ್ಗದಿದ್ದರೆ ಕಾರ್ಬೊರೇಟರ್. ಕೊನೆಗೆ ಯಂತ್ರ ಓಡಿದರೂ ಅದು ಯಾಕೆ ನಿಂತಿತ್ತು ಅನ್ನೋದು ನಿನಗೆ ಗೊತ್ತಿರೋದಿಲ್ಲ. ದುಡ್ಡು ಕಳಕೊಂಡವನು ಗಿರಾಕಿ, ಕಲಿಯೋ ಅವಕಾಶ ಕಳಕೊಂಡವನು ನೀನು.

ಮಳೆಗಾಲ ಶುರುವಾಗುತ್ತಿದ್ದ ಹಾಗೆ ನಿನ್ನ ಅಂಗಡಿಗೆ ಹುಲ್ಲು ಕತ್ತರಿಸುವ ಯಂತ್ರಗಳು ಬರೋಕೆ ಶುರುವಾಗುತ್ತವೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೇ ಮನೆಗಳ ಅಂಗಳದಿಂದ, ಶಾಲೆಗಳಿಂದ, ಅಪಾರ್ಟ್‌ಮೆಂಟುಗಳಿಂದ ತರುತ್ತಾರೆ. ಬೇಸಿಗೆಯಲ್ಲಿ ಮೂಲೆ ಸೇರಿದ್ದ ಯಂತ್ರ, ಮೊದಲ ಮಳೆಗೆ ಹುಲ್ಲು ಎದ್ದಾಗ ಹೊರಗೆ ಬರುತ್ತೆ. ಹಗ್ಗ ಎಳೆದೂ ಎಳೆದೂ ತೋಳು ನೋಯಿಸಿಕೊಂಡ ಮಾಲಿ ನಿನ್ನ ಮುಂದೆ ತಂದು ನಿಲ್ಲಿಸುತ್ತಾನೆ. ಆಗ ನೀನು ಸ್ಪ್ಯಾನರ್ ಹಿಡೀಬೇಡ. ಮೊದಲು ಅವನನ್ನ ಕೂರಿಸಿ ನಾಲ್ಕು ಪ್ರಶ್ನೆ ಕೇಳು. ಕೊನೇ ಸಲ ಓಡಿದ್ದು ಯಾವಾಗ? ಟ್ಯಾಂಕಿನಲ್ಲಿರೋ ಪೆಟ್ರೋಲು ಯಾವ ಕಾಲದ್ದು? ನಿಲ್ಲುವ ಮುಂಚೆ ಕಲ್ಲಿಗೋ ಬೇರಿಗೋ ಹೊಡೆಯಿತಾ? ತೊಳೆಯೋಕೆ ಅಂತ ಮಗುಚಿ ಹಾಕಿದ್ರಾ? ಅರ್ಧ ರಿಪೇರಿ ಈ ನಾಲ್ಕು ಉತ್ತರದಲ್ಲೇ ಇರುತ್ತೆ. ಯಂತ್ರದ ಜೊತೆ ದಿನಾ ಇರೋನು ಮಾಲಿ. ಅವನ ಮಾತನ್ನ ಹಗುರವಾಗಿ ತಗೋಬೇಡ.

ಆಮೇಲೆ ಕಣ್ಣಿಗೆ ಕೆಲಸ ಕೊಡು. ಪೆಟ್ರೋಲ್ ಕಾಕ್ ತೆರೆದಿದೆಯಾ, ಚೋಕ್ ಸರಿಯಾದ ಜಾಗದಲ್ಲಿದೆಯಾ, ಪ್ಲಗ್ ಕ್ಯಾಪ್ ಗಟ್ಟಿಯಾಗಿ ಕೂತಿದೆಯಾ ನೋಡು. ತಳ್ಳುವ ಯಂತ್ರಗಳಲ್ಲಿ ಹ್ಯಾಂಡಲ್ ಹತ್ತಿರ ಒಂದು ಲಿವರ್ ಇರುತ್ತೆ. ಅದನ್ನು ಒತ್ತಿ ಹಿಡಿಯದಿದ್ದರೆ ಎಷ್ಟೋ ಎಂಜಿನ್ನುಗಳಲ್ಲಿ ಕಿಡಿಯೇ ಹುಟ್ಟೋದಿಲ್ಲ. ಅದರ ಕೇಬಲ್ ಸಡಿಲವಾಗಿದ್ದರೆ ನೀನು ಒತ್ತಿದರೂ ಅಷ್ಟೇ. ಎಂಜಿನ್ ಆಯಿಲ್ ಮಟ್ಟವನ್ನೂ ಕಡ್ಡಿ ತೆಗೆದು ನೋಡು. ಇಷ್ಟಕ್ಕೆ ಐದು ನಿಮಿಷ ಸಾಕು, ಪೈಸೆ ಖರ್ಚಿಲ್ಲ.

ಸಣ್ಣ ಎಂಜಿನ್ ಕೇಳೋದು ಸೌದೆ ಒಲೆ ಕೇಳೋದನ್ನೇ: ಉರಿಯೋಕೆ ಒಂದು ಪದಾರ್ಥ, ಗಾಳಿ, ಕಿಡಿ. ಇವುಗಳ ಜೊತೆಗೆ ಸಿಲಿಂಡರ್ ಒಳಗೆ ಒತ್ತಡ, ಅಂದರೆ ಕಂಪ್ರೆಷನ್, ಇರಬೇಕು. ಈ ನಾಲ್ಕರಲ್ಲಿ ಯಾವುದು ಇಲ್ಲ ಅಂತ ಒಂದೊಂದಾಗಿ ಪರೀಕ್ಷೆ ಮಾಡು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತಿಗೂ ಗೊತ್ತಾಗೋದಿಲ್ಲ.

ಪೆಟ್ರೋಲಿನಿಂದ ಶುರು ಮಾಡು. ಮೂಲೆಯಲ್ಲಿ ಕೂತಿದ್ದ ಯಂತ್ರದಲ್ಲಿ ಹೆಚ್ಚಿನ ಸಲ ತೊಂದರೆ ಇರೋದು ಅಲ್ಲೇ. 2023ರ ಫೆಬ್ರವರಿ 6ರಂದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ. ಈಗ ಬಂಕುಗಳಲ್ಲಿ ಸಿಗೋದು ಸಾಮಾನ್ಯವಾಗಿ ಅದೇ. ದಿನಾ ಓಡೋ ಗಾಡಿಯಲ್ಲಿ ಪೆಟ್ರೋಲು ನಿಲ್ಲೋದಿಲ್ಲ, ಖರ್ಚಾಗುತ್ತಾ ಇರುತ್ತೆ. ತಿಂಗಳುಗಟ್ಟಲೆ ನಿಂತ ಯಂತ್ರದ ಕಥೆ ಬೇರೆ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ನೀರು ಹೆಚ್ಚಾದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರ್ ಎಳೆದುಕೊಳ್ಳೋದು ಆ ತಳದ್ದನ್ನೇ. ಇನ್ನು ಪೆಟ್ರೋಲು ಆವಿಯಾಗಿ ಉಳಿದ ಅಂಟು ಜೆಟ್ಟಿನ ಸಣ್ಣ ತೂತನ್ನ ಮುಚ್ಚುತ್ತೆ. ಆದ್ದರಿಂದ ಹಳೇ ಪೆಟ್ರೋಲನ್ನು ಗಾಜಿನ ಶೀಸೆಗೆ ಇಳಿಸಿ ಬೆಳಕಿಗೆ ಹಿಡಿ. ತಳದಲ್ಲಿ ಬೇರೆ ಪದರ ಕಂಡರೆ, ಬಣ್ಣ ಗಾಢವಾಗಿ ಹುಳಿ ವಾಸನೆ ಬಂದರೆ ಅದನ್ನ ಪೂರ್ತಿ ಖಾಲಿ ಮಾಡಿ ಹೊಸದು ಹಾಕು. ಖಾಲಿ ಮಾಡಿದ್ದನ್ನ ಚರಂಡಿಗೆ ಸುರೀಬೇಡ.

ಆಮೇಲೆ ಪ್ಲಗ್ ಬಿಚ್ಚು. ಹಗ್ಗ ನಾಲ್ಕಾರು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲು ಒಳಗೆ ಹೋಗುತ್ತಿಲ್ಲ. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲು ಹೋಗುತ್ತಿದೆ, ಆದರೆ ಕಿಡಿಯಿಲ್ಲ. ಇಲ್ಲವೇ ಚೋಕ್ ಹಾಕಿಕೊಂಡೇ ಎಳೆದೆಳೆದು ಓವರ್‌ಫ್ಲೋ ಆಗಿದೆ. ಪ್ಲಗ್ ಒರೆಸಿ, ಕ್ಯಾಪ್ ಹಾಕಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ಹಗ್ಗ ಎಳೆಸು. ಹತ್ತಿರದಲ್ಲಿ ಚೆಲ್ಲಿದ ಪೆಟ್ರೋಲು ಇರಬಾರದು, ಬರಿಗೈಯಲ್ಲಿ ಹಿಡಿಯಬಾರದು, ಪ್ಲಗ್ ತೂತಿನಿಂದ ದೂರ ಇರಬೇಕು. ನೀಲಿ ಕಿಡಿ ಚಟಚಟ ಅಂತ ಹಾರಿದರೆ ಕಾಯಿಲ್ ಸರಿಯಾಗಿದೆ. ಪ್ಲಗ್ಗಿನ ಸಂದು ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಕಣ್ಣಂದಾಜು ಬೇಡ, ಫೀಲರ್ ಗೇಜ್ ಇಟ್ಟು ಅಳೆ.

ಕಿಡಿ ಇದ್ದು ಪ್ಲಗ್ ಒಣಗಿದ್ದರೆ ಕಾರ್ಬೊರೇಟರ್ ಕಡೆ ಹೋಗು. ಬೌಲ್ ಬಿಚ್ಚಿ, ಜೆಟ್ ತೆಗೆದು, ಕ್ಲೀನರ್ ಹಾಕಿ, ಗಾಳಿ ಊದು. ಗುಂಡುಪಿನ್ನು, ಉಕ್ಕಿನ ತಂತಿ ಜೆಟ್ಟಿಗೆ ತೂರಿಸಲೇಬೇಡ. ತೂತು ಒಂದೆಳೆ ಅಗಲವಾದರೂ ಪೆಟ್ರೋಲಿನ ಅಳತೆ ತಪ್ಪುತ್ತೆ, ಆಮೇಲೆ ಆ ಜೆಟ್ಟು ಯಾವತ್ತಿಗೂ ಸರಿಹೋಗೋದಿಲ್ಲ. ಏರ್ ಫಿಲ್ಟರ್ ಸ್ಪಂಜಿನದ್ದಾದರೆ ಸೋಪಿನ ನೀರಲ್ಲಿ ತೊಳೆದು ಒಣಗಿಸು. ಪೇಪರ್ ಫಿಲ್ಟರ್ ತೊಳೀಬೇಡ.

ಹಗ್ಗ ತಡೆಯೇ ಇಲ್ಲದೆ ಸರಾಗವಾಗಿ ಬಂದರೆ ಕಂಪ್ರೆಷನ್ ಹೋಗಿದೆ. ವಾಲ್ವು, ರಿಂಗು, ಗ್ಯಾಸ್ಕೆಟ್ ನೋಡಬೇಕು. ಹಗ್ಗ ಅಲ್ಲಾಡದೆ ನಿಂತರೆ ಬ್ಲೇಡಿಗೆ ಹುಲ್ಲೋ ಕಡ್ಡಿಯೋ ಸಿಕ್ಕಿದೆಯಾ ನೋಡು. ಮಾಲಿ ಯಂತ್ರ ಮಗುಚಿದ್ದೆ ಅಂದಿದ್ದರೆ ಸಿಲಿಂಡರಿಗೆ ಆಯಿಲ್ ಇಳಿದಿರಬಹುದು. ಪ್ಲಗ್ ಬಿಚ್ಚಿ ನಿಧಾನವಾಗಿ ಎಳೆದರೆ ಅದು ಹೊರಗೆ ಬರುತ್ತೆ. ಇಂಥ ಯಂತ್ರ ಓಡಿದ ಮೇಲೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬಿಡುತ್ತೆ, ಗಾಬರಿ ಬೇಡ. ಮಗುಚಲೇಬೇಕಾದರೆ ಏರ್ ಫಿಲ್ಟರ್ ಇರೋ ಮಗ್ಗುಲು ಮೇಲೆ ಬರೋ ಹಾಗೆ ಮಗುಚು ಅಂತ ಮಾಲಿಗೂ ಹೇಳಿಕೊಡು. ಕಲ್ಲಿಗೆ ಹೊಡೆದ ಮೇಲೆ ನಿಂತು, ಎಳೆದಾಗ ಹಗ್ಗ ವಾಪಸ್ ಜಗ್ಗುತ್ತಿದ್ದರೆ ಫ್ಲೈವೀಲಿನ ಕೀ ಕತ್ತರಿಸಿ ಕಿಡಿಯ ಟೈಮಿಂಗ್ ತಪ್ಪಿರಬಹುದು. ಆ ಸಣ್ಣ ಕೀ ನೋಡದೆ ಕಾಯಿಲ್, ಕಾರ್ಬೊರೇಟರ್ ಬದಲಾಯಿಸಿದರೆ ಎರಡೂ ದಂಡ.

ಸ್ಟಾರ್ಟ್ ಆಗಿಯೂ ಸರಿಯಾಗಿ ಓಡದ ಯಂತ್ರದ ಸದ್ದು ಕೇಳು. ವೇಗ ಏರಿ ಇಳಿದು ಏರಿ ಇಳಿದು ಮಾಡುತ್ತಿದ್ದರೆ ಜೆಟ್ ಅರ್ಧ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಹತ್ತು ನಿಮಿಷ ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ಮತ್ತೆ ಸ್ಟಾರ್ಟ್ ಮಾಡು. ಓಡಿದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಅದನ್ನ ಬಿಡಿಸಿದರೆ ಮುಗೀತು. ಕಪ್ಪು ಹೊಗೆ ಬಂದರೆ ಚೋಕೋ ಫಿಲ್ಟರೋ ಗಾಳಿ ತಡೆದಿದೆ. ಟೂ ಸ್ಟ್ರೋಕ್ ಬ್ರಷ್ ಕಟರ್ ಬಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿದ್ದಾರಾ ಕೇಳು. ತಯಾರಕರು 50:1 ಅಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಅಂದಿದ್ದರೆ 40. ಬರೀ ಪೆಟ್ರೋಲಲ್ಲಿ ಓಡಿಸಿದರೆ ಪಿಸ್ಟನ್ ಹಿಡಿದುಬಿಡುತ್ತೆ.

ಹಳೇ ಮನೆಗಳಿಂದ ಕೈಯಲ್ಲಿ ತಳ್ಳುವ, ಉರುಳೆ ಬ್ಲೇಡಿನ ಯಂತ್ರವೂ ಬರಬಹುದು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮಾಡಿದ ಮೊದಲ ಯಂತ್ರವೂ ಇದೇ ಜಾತಿಯದು. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆ ಮೇಲಿನ ಎಳೆಗಳನ್ನ ಸಮನಾಗಿ ಕತ್ತರಿಸುವ ಯಂತ್ರ ನೋಡಿ, ಅದೇ ಕೆಲಸವನ್ನ ಹುಲ್ಲಿನ ಮೇಲೆ ಮಾಡಿಸಬಹುದು ಅಂತ ಅವನಿಗೆ ಹೊಳೆಯಿತು. ಬಟ್ಟೆ ವ್ಯಾಪಾರದ ಪೇಟೆಯಲ್ಲಿ ಕೂತಿರೋ ನಿನಗೆ ಇದು ಗೊತ್ತಿರಲಿ. ಈ ಯಂತ್ರ ಹುಲ್ಲನ್ನು ಕತ್ತರಿಸದೆ ಜಗಿದರೆ, ಉರುಳೆಗೂ ಕೆಳಗಿನ ಪಟ್ಟಿಗೂ ನಡುವೆ ಕಾಗದದ ಚೂರು ಇಟ್ಟು ಕೈಗವಸು ಹಾಕಿ ಮೆಲ್ಲಗೆ ತಿರುಗಿಸು. ಉದ್ದಕ್ಕೂ ಕಾಗದ ನೀಟಾಗಿ ತುಂಡಾಗೋವರೆಗೂ ಸ್ಕ್ರೂ ಹೊಂದಿಸು.

ಒಂದು ನಿಯಮಕ್ಕೆ ಮಾತ್ರ ವಿನಾಯಿತಿ ಇಲ್ಲ. ಬ್ಲೇಡಿನ ಹತ್ತಿರ ಕೈ ಹಾಕೋ ಮುಂಚೆ ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕೆ ಇಡು. ಕರೆಂಟಿನ ಯಂತ್ರವಾದರೆ ವೈರನ್ನು ಗೋಡೆಯ ಸಾಕೆಟ್ಟಿನಿಂದಲೇ ತೆಗಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ನೂ ಮೇಲೆ ಕೆಳಗೆ ಆಡುತ್ತೆ, ಎಂಜಿನ್ ಒಂದು ಸಲ ಹೊಡೆದರೂ ಬೆರಳು ಹೋಗುತ್ತೆ. ಬಿಸಿ ಎಂಜಿನ್ನಿಗೆ ಪೆಟ್ರೋಲು ಹಾಕಬೇಡ. ಅವಸರ ಮಾಡೋ ಗಿರಾಕಿ ಎದುರಿಗಿದ್ದರೂ ಸರಿ, ಅಂಗಡಿಯಲ್ಲಿ ನಿನ್ನ ಹುಡುಗರಿಗೂ ಇದೇ ಕಟ್ಟುನಿಟ್ಟು ಇರಲಿ.

ಯಂತ್ರ ವಾಪಸ್ ಕೊಡುವಾಗ ಗಿರಾಕಿಯ ಮುಂದೆಯೇ ಓಡಿಸಿ ತೋರಿಸು. ಮಳೆಗಾಲ ಮುಗಿದು ಎತ್ತಿಡೋ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ತಾನಾಗೇ ನಿಲ್ಲೋವರೆಗೂ ಓಡಿಸೋಕೆ ಹೇಳು. ಆಯುಧಪೂಜೆಗೆ ಯಂತ್ರ ತೊಳೆದು ಕುಂಕುಮ ಇಡ್ತಾರಲ್ಲ, ಅವತ್ತೇ ಆಯಿಲ್, ಫಿಲ್ಟರ್, ಪ್ಲಗ್ ನೋಡೋ ಅಭ್ಯಾಸ ಮಾಡಿಸು. ಹೀಗೆ ಹೇಳಿಕೊಟ್ಟರೆ ಮುಂದಿನ ವರ್ಷ ರಿಪೇರಿ ಕಡಿಮೆ ಬರುತ್ತಲ್ಲ ಅಂತ ಅಳುಕಬೇಡ. ಆ ಮನೆಯವರು ಪಂಪು, ಜನರೇಟರ್, ಸ್ಕೂಟರ್ ಎಲ್ಲಕ್ಕೂ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ಕೊನೇ ಮಾತು ಬಿಲ್ಲಿನದು. ಏನು ಬದಲಾಯಿಸಿದೆ ಅನ್ನೋದರ ಜೊತೆಗೆ ಏನೇನು ಪರೀಕ್ಷೆ ಮಾಡಿದೆ, ಯಾವುದು ಚೆನ್ನಾಗಿತ್ತು ಅನ್ನೋದನ್ನೂ ಬರಿ. ತೆಗೆದ ಹಳೇ ಸಾಮಾನನ್ನ ಗಿರಾಕಿಯ ಕೈಗೆ ಕೊಡು. ಮುಚ್ಚಳದ ತೂತು ಬಿಡಿಸಿದ್ದಷ್ಟೇ ಕೆಲಸ ಆಗಿದ್ದರೆ ಅಷ್ಟನ್ನೇ ಬರೆದು, ನಿನ್ನ ಸಮಯಕ್ಕೆ, ನಿನ್ನ ತಿಳಿವಳಿಕೆಗೆ ನ್ಯಾಯವಾದ ಕೂಲಿ ತಗೋ. ಅದಕ್ಕೆ ಸಂಕೋಚ ಬೇಡ. ಸಾಮಾನು ಮಾರೋ ಅಂಗಡಿಗಳಿಗೆ ಈ ಪೇಟೆಯಲ್ಲಿ ಕೊರತೆಯಿಲ್ಲ. ಯಾವ ಸಾಮಾನು ಬೇಡ ಅಂತ ಖಚಿತವಾಗಿ ಹೇಳಬಲ್ಲವನು ನೀನಾಗಬೇಕಪ್ಪ.