ಬಾಗಿಲಿನಿಂದ ಹಿಂದಕ್ಕೆ ಎಣಿಸು

ಪ್ರೀತಿಯ ಮಗಳೇ,

ಮೊದಲ ಸಲ ಒಂದು ಕೆಲಸವನ್ನು ಪೂರ್ತಿ ನಿನ್ನ ಹೆಗಲಿಗೆ ಹಾಕಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಘಟ್ಟದ ಮೇಲಿನ ಹಳ್ಳಿ, ಶಾಲೆಗೆ ಎರಡು ಕೋಣೆ. ಇಷ್ಟೇನಾ ಅಂತ ಯಾರಾದರೂ ಕೇಳಿದರೆ ನಕ್ಕು ಸುಮ್ಮನಿರು. ಮೂವತ್ತನಾಲ್ಕು ವರ್ಷ ಸೈಟಿನ ಧೂಳು ತಿಂದವನು ನಾನು. ನನ್ನ ನಿದ್ದೆ ಕೆಡಿಸಿದ್ದು ದೊಡ್ಡ ಸೇತುವೆಗಳಲ್ಲ, ಇಂಥ ಎರಡು ಕೋಣೆಗಳೇ. ಈ ವರ್ಷ ನಿನ್ನಂತೆ ಸೈಟಿಗಿಳಿದ ಬೇರೆ ಮಕ್ಕಳಿಗೂ ಆದೀತೆಂದು ಈ ಕಾಗದವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ಬೈದುಕೊಳ್ಳಬೇಡ.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಅದೂ ಶಾಲೆಯೇ, ಸ್ಲ್ಯಾಬ್ ಹಾಕುವ ದಿನ. ಬೆಳಿಗ್ಗೆ ಆರೂವರೆಗೆ ಮಿಕ್ಸರ್ ಬಂದಿದೆ. ಮೂವತ್ತು ಆಳು ಚಹಾ ಕುಡಿದು ತಲೆಗೆ ಸಿಂಬೆ ಇಟ್ಟುಕೊಂಡು ನಿಂತಿದ್ದಾರೆ. ಮೇಸ್ತ್ರಿ ಊದುಬತ್ತಿ ಹಚ್ಚಿ ಕಾಯಿ ಒಡೆದಾಯಿತು. ನಾನು ಏಣಿ ಹತ್ತಿ ನೋಡಿದೆ. ಕಂಬಿ ಚೆನ್ನಾಗಿಯೇ ಕಟ್ಟಿದ್ದರು, ಆದರೆ ಫ್ಯಾನಿನ ಡಬ್ಬಿಯೂ ಇಲ್ಲ, ವೈರಿನ ಪೈಪೂ ಇಲ್ಲ! ಎಲೆಕ್ಟ್ರಿಷಿಯನ್‌ಗೆ ಮೇಸ್ತ್ರಿ ಹೇಳಿರುತ್ತಾನೆ ಎಂದು ನಾನು, ಸಾಹೇಬರು ಹೇಳಿರುತ್ತಾರೆ ಎಂದು ಅವನು. ಆಳುಗಳನ್ನು ವಾಪಸು ಕಳಿಸಿದರೆ ಒಂದು ದಿನದ ಕೂಲಿ ದಂಡ. ಧೈರ್ಯ ಸಾಲಲಿಲ್ಲ, ಹಾಕಿ ಎಂದುಬಿಟ್ಟೆ. ಇವತ್ತಿಗೂ ಆ ಶಾಲೆಯಲ್ಲಿ ವೈರು ಚಾವಣಿಯ ಹೊರಗೇ ಓಡುತ್ತದೆ.

ಮೇಸ್ತ್ರಿಗೆ ಕಟ್ಟುವುದು ಗೊತ್ತು, ಎಲೆಕ್ಟ್ರಿಷಿಯನ್‌ಗೆ ಪೈಪು ಹಾಕುವುದು ಗೊತ್ತು. ಒಬ್ಬನದು ಮುಗಿದು ಇನ್ನೊಬ್ಬನದು ಶುರುವಾಗುವ ಸಂದಿಗೆ ಮಾತ್ರ ಯಜಮಾನರಿಲ್ಲ. ಅಲ್ಲಿ ನಿಲ್ಲುವುದಕ್ಕೇ ನಿನಗೆ ಸಂಬಳ. ದಿನಾ ಸಂಜೆ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳು: ‘ನಾಳೆ ನೀವು ಯಾರಿಗಾಗಿ ಕಾಯ್ತೀರಿ?’ ಕೆಲಸ ಎಲ್ಲಿಗೆ ಬಂತು ಎಂದು ಕೇಳಬೇಡ. ಅದಕ್ಕೆ ಎಲ್ಲರೂ ‘ಆಗ್ತಾ ಇದೆ ಮೇಡಂ’ ಅನ್ನುತ್ತಾರೆ.

ಇನ್ನು ದಿನದ ಲೆಕ್ಕ. ಪಾಯದಿಂದ ಮೇಲಕ್ಕೆ ಎಣಿಸಬೇಡ, ಬಾಗಿಲಿನಿಂದ ಹಿಂದಕ್ಕೆ ಎಣಿಸು. ಜೂನ್ 1ಕ್ಕೆ ಮಕ್ಕಳು ಒಳಗೆ ಕೂರಬೇಕು. ನೆಲ, ಕಿಟಕಿ, ಬಣ್ಣಕ್ಕೆ 20 ದಿನ ಕೊಟ್ಟರೆ ಮೇ 12. ಗಾರೆಗೆ 12 ದಿನ, ಅಲ್ಲಿಗೆ ಏಪ್ರಿಲ್ 30. ಕೋಣೆಯ ಅಗಲ ನಾಲ್ಕೂವರೆ ಮೀಟರಿಗಿಂತ ಹೆಚ್ಚಿದ್ದರೆ ಸ್ಲ್ಯಾಬಿನ ಕೆಳಗಿನ ಆಸರೆಯನ್ನು 14 ದಿನ ಮುಟ್ಟುವಂತಿಲ್ಲ. ಕಾಂಕ್ರೀಟಿನ ಮಾನದಂಡ ಐಎಸ್ 456 ಹೇಳುವುದು ಅದನ್ನೇ. ದೊಡ್ಡ ತೊಲೆಯಿದ್ದರೆ ಇನ್ನೂ ಒಂದು ವಾರ. ಅಂದರೆ ಏಪ್ರಿಲ್ 16ಕ್ಕೆ ಸ್ಲ್ಯಾಬ್ ಬೀಳಲೇಬೇಕು, 6ಕ್ಕೆ ಸೆಂಟ್ರಿಂಗ್ ಶುರುವಾಗಬೇಕು. ಈಗ ಕ್ಯಾಲೆಂಡರಿನಲ್ಲಿ ಯುಗಾದಿ ಎಲ್ಲಿದೆ ನೋಡು. ಬಯಲುಸೀಮೆಯಿಂದ ಬಂದ ಆಳುಗಳು ಹಬ್ಬಕ್ಕೆ ಊರಿಗೆ ಹೋದರೆ ವಾರ ಹತ್ತು ದಿನ ತಿರುಗಿ ನೋಡುವುದಿಲ್ಲ, ಊರಿನ ಜಾತ್ರೆಯಿದ್ದರೆ ಇನ್ನೂ ನಾಲ್ಕು ದಿನ. ಅವರ ಮೇಲೆ ಸಿಟ್ಟಾಗಬೇಡ, ವರ್ಷಕ್ಕೊಂದು ಹಬ್ಬ. ಸಿಟ್ಟಾಗುವುದಾದರೆ ಫೆಬ್ರವರಿಯಲ್ಲೇ ಅದನ್ನು ಕಾಣದ ನಿನ್ನ ಮೇಲೆ ಆಗು.

ಅದೇ ಏಪ್ರಿಲಿನಲ್ಲಿ ಶಾಲೆಯ ಬಾವಿ ತಳ ಕಾಣುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ ಸಿಮೆಂಟು, ಅದಕ್ಕೆ ಕಡಿಮೆಯೆಂದರೂ 10 ದಿನ ಕ್ಯೂರಿಂಗ್ ಬೇಕು, ಸುಡುಬಿಸಿಲಿದ್ದರೆ 14. ಸ್ಲ್ಯಾಬಿನ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ನೀರಿನ ಟ್ಯಾಂಕರ್ ಎಲ್ಲಿಂದ ಬರುತ್ತದೆ, ಯಾರ ದುಡ್ಡು? ಈಗಲೇ ಬರೆದಿಡು.

ನಮ್ಮ ಕುಮಟಾ ಹೊನ್ನಾವರದ ಮೇಲೆ ಕೊಂಕಣ ರೈಲು ಹಾದಿ ಹಾಕುವಾಗ, ಅದರ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಹಿಮ್ಮುಖ ಗಡಿಯಾರ ಹಾಕಿಸಿದ್ದರು: ಮುಗಿಸಲು ಉಳಿದ ದಿನಗಳು ಒಂದೊಂದೇ ಇಳಿಯುತ್ತ ಬರುವ ಲೆಕ್ಕ. ಆದರೂ 1990ರಲ್ಲಿ ಶುರುವಾದ ಹಾದಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಗೋವಾದ ಪೆರ್ನೆಂ ಸುರಂಗದ ಮೆತ್ತನೆ ಮಣ್ಣು ಗಡಿಯಾರ ನೋಡಲಿಲ್ಲ. ನಿನ್ನ ಲೆಕ್ಕದಲ್ಲೂ ಮಣ್ಣಿಗೆಂದು ಒಂದು ವಾರ ಎತ್ತಿಡು, ಅದನ್ನು ಮೇಸ್ತ್ರಿಗೆ ಹೇಳಬೇಡ.

ಊರಿನ ಹಿರಿಯರು ಬಂದೇ ಬರುತ್ತಾರೆ. ‘ಹೇಗೂ ಕಟ್ತಾ ಇದ್ದೀರಿ, ಮುಂದೊಂದು ಜಗಲಿ ಹಾಕಿಬಿಡಿ ತಂಗೀ.’ ಆಗಲ್ಲ ಎಂದರೆ ಊರು ಎದುರಾಗುತ್ತದೆ, ಆಯ್ತು ಎಂದರೆ ನೀನು ಮುಳುಗುತ್ತೀಯ. ಡೈರಿ ತೆಗೆದು ಅವರೆದುರೇ ಬರಿ: ಜಗಲಿಗೆ ಇಷ್ಟು ಸಿಮೆಂಟು, ಇಷ್ಟು ದಿನ, ಇಷ್ಟು ದುಡ್ಡು. ಮೇಲಿನವರಿಗೆ ಕಳಿಸುತ್ತೇನೆ, ನೀವೂ ಒಂದು ಅರ್ಜಿ ಕೊಡಿ ಅನ್ನು. ಅರ್ಧ ಜಗಲಿಗಳು ಆ ಹಾಳೆಯಲ್ಲೇ ಕರಗುತ್ತವೆ. ಉಳಿದವು ನಿಜವಾಗಿ ಬೇಕಾದವು.

ದುಡ್ಡಿನದು ಒಂದೇ ಮಾತು: ಕೆಲಸಕ್ಕಿಂತ ಅಡ್ವಾನ್ಸ್ ಮುಂದೆ ಓಡಬಾರದು, ವಾರದ ಬಟವಾಡೆ ಒಂದು ದಿನವೂ ತಪ್ಪಬಾರದು.

ಮತ್ತೆ, ಕೆಟ್ಟ ಸುದ್ದಿಯನ್ನು ರಾತ್ರಿ ಕಳೆಯಲು ಬಿಡಬೇಡ. ಏಳನೇ ದಿನದ ಕ್ಯೂಬ್ ಪರೀಕ್ಷೆ ಕಡಿಮೆ ಬಂದರೆ ಇಪ್ಪತ್ತೆಂಟನೇ ದಿನಕ್ಕೆ ಸರಿಹೋದೀತೆಂದು ಕಾಗದ ಮಡಚಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವತ್ತೇ ನಿನ್ನ ಸಾಹೇಬರಿಗೆ ಹೇಳು, ಜೊತೆಗೆ ನೀನು ಏನು ಮಾಡಬೇಕೆಂದಿದ್ದೀಯ ಅದನ್ನೂ ಹೇಳು. ಬೈಗುಳ ತಿಂದರೆ ಒಂದು ದಿನದ ಬೇಜಾರು, ಅಷ್ಟೇ.

ಭಾನುವಾರ ಬಟವಾಡೆ ಮುಗಿಸಿ ಫೋನ್ ಮಾಡು. ಊಟ ಆಯ್ತಾ ಎಂದು ನಿನ್ನ ದೊಡ್ಡಮ್ಮ ಕೇಳುತ್ತಾಳೆ. ಎಲೆಕ್ಟ್ರಿಷಿಯನ್‌ಗೆ ಹೇಳಿದೆಯಾ ಎಂದು ನಾನು ಕೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ