ಕೂಡುವ ಜಾಗದಲ್ಲಿ ಕಣ್ಣಿರಲಿ

ಮಗಳೇ, ತ್ರೀಡಿ ಪ್ರಿಂಟರಿನಲ್ಲಿ ಒಡಲು ಕಟ್ಟಿ, ಲೇಸರಿನಿಂದ ಅದರ ಮೈಮೇಲೇ ಸರ್ಕ್ಯೂಟು ಬರೆಯುತ್ತೇನೆ ಅಂತ ನೀನು ಹೇಳಿದಾಗ ನನಗಾದ ಖುಷಿ ಇಷ್ಟಿಷ್ಟಲ್ಲ. 2021ರಲ್ಲಿ ಎಂಐಟಿಯ ತಂಡವೊಂದು ‘ಲೇಸರ್‌ಫ್ಯಾಕ್ಟರಿ’ ಅಂತ ಒಂದು ಯಂತ್ರ ತೋರಿಸಿತು. ಒಂದೇ ಮೇಜಿನ ಮೇಲೆ ಚೌಕಟ್ಟು ಕತ್ತರಿಸಿ, ಬೆಳ್ಳಿ ಪೇಸ್ಟಿನ ಗೆರೆ ಎಳೆದು, ಬಿಡಿಭಾಗಗಳನ್ನು ಎತ್ತಿಟ್ಟು, ಕತ್ತರಿಸಿದ ಲೇಸರಿನಿಂದಲೇ ಬೆಳ್ಳಿಯನ್ನು ಕಾಯಿಸಿ ಗಟ್ಟಿಮಾಡಿ, ಪುಟ್ಟ ಡ್ರೋನೊಂದನ್ನು ಹಾರಿಸಿಯೇ ಬಿಟ್ಟರು. ನಿನ್ನ ಕಣ್ಣು ಆ ಡ್ರೋನಿನ ಮೇಲಿದೆ. ಬೆಳ್ಳಿಯೂ ಪ್ಲಾಸ್ಟಿಕ್ಕೂ ಕೂಡುವ ಗೆರೆಯನ್ನು ಸ್ವಲ್ಪ ನೋಡು ಅಂತ ನನ್ನ ಮಾತು.

ಈ ಕೆಲಸ ಕೆಡುವುದು ಅಲ್ಲಿಯೇ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಮೆತ್ತಗಾಗುತ್ತದೆ. ಬೆಳ್ಳಿಯ ನ್ಯಾನೋ ಶಾಯಿಯ ಕಣಗಳು ಒಂದಕ್ಕೊಂದು ಬೆಸೆದು ಕರೆಂಟು ಹರಿಸಬೇಕಾದರೆ ಸಾಮಾನ್ಯವಾಗಿ 150 ಡಿಗ್ರಿಯ ಆಸುಪಾಸು ಬೇಕು. ಎರಡನ್ನೂ ಒಟ್ಟಿಗೆ ಓವನ್ನಿಗಿಟ್ಟರೆ ಒಡಲು ಕುಸಿಯುತ್ತದೆ. ಲೇಸರು ಬೇಕಾಗುವುದು ಇದಕ್ಕೇ. ಅದು ಮೇಲ್ಪದರವನ್ನಷ್ಟೇ, ಕ್ಷಣಹೊತ್ತು ಕಾಯಿಸುತ್ತದೆ. ಹದ ಹಿಡಿಯಲು ಬರಿಯ ಪವರ್ ತಗ್ಗಿಸಿದರೆ ಸಾಲದು, ಫೋಕಸ್ಸನ್ನೂ ತುಸು ತಪ್ಪಿಸು. ಚಿಕ್ಕವಳಿದ್ದಾಗ ಭೂತಗನ್ನಡಿ ಹಿಡಿದು ಕಾಗದ ಸುಡುತ್ತಿದ್ದೆಯಲ್ಲ, ಗಾಜನ್ನು ಸ್ವಲ್ಪ ಹತ್ತಿರ ತಂದರೆ ಚುಕ್ಕಿ ಅಗಲವಾಗಿ ಕಾಗದ ಬರೀ ಬೆಚ್ಚಗಾಗುತ್ತಿತ್ತು. ಅದೇ ಲೆಕ್ಕ.

ಇನ್ನು ಹಿಡಿತದ ವಿಷಯ. ನುಣುಪು ಗೋಡೆಗೆ ಗಾರೆ ಮೆತ್ತುವ ಮೊದಲು ಗಾರೆಯವನು ಕಚ್ಚು ಹೊಡೆಯುವುದನ್ನು ನೋಡಿದ್ದೀಯ. ಫೋನಿನೊಳಗಿನ ಆಂಟೆನಾ ಮಾಡುವ ಒಂದು ವಿಧಾನದಲ್ಲೂ ಹೀಗೇ ನಡೆಯುತ್ತದೆ. ಲೋಹದ ಸಂಯುಕ್ತ ಬೆರೆಸಿದ ಪ್ಲಾಸ್ಟಿಕ್ಕಿನ ಮೇಲೆ ಲೇಸರು ಹಾದುಹೋದ ಕಡೆ ಲೋಹದ ಬೀಜಗಳು ಎಚ್ಚೆತ್ತು, ಮೈ ತರಿತರಿಯಾಗುತ್ತದೆ. ಆಮೇಲೆ ದ್ರಾವಣದಲ್ಲಿ ಅದ್ದಿದರೆ ತಾಮ್ರ ಆ ಗೆರೆಯಲ್ಲಿ ಮಾತ್ರ ಕೂರುತ್ತದೆ. ನುಣುಪು ಮೈಯ ಮೇಲೆ ನಾನು ಕೂರಿಸಿದ ಮೊದಲ ಗೆರೆಗಳು ಅಳತೆಗೆ ಚೆನ್ನಾಗಿಯೇ ಬಂದಿದ್ದವು. ಹತ್ತು ಸಲ ಬಿಸಿಮಾಡಿ ತಣಿಸಿದ್ದೇ ತಡ, ಹಪ್ಪಳದಂತೆ ಎದ್ದವು. ಎಬಿಎಸ್ ಪ್ಲಾಸ್ಟಿಕ್ ಬಿಸಿಗೆ ತಾಮ್ರಕ್ಕಿಂತ ನಾಲ್ಕೈದು ಪಟ್ಟು ಹಿಗ್ಗುತ್ತದೆ ಅಂತ ಓದಿದ್ದೆ, ಆ ದಿನ ಕಣ್ಣಾರೆ ಕಂಡೆ. ಮಲ್ಟಿಮೀಟರಿನಲ್ಲಿ ಒಮ್ಮೆ ಕರೆಂಟು ಹರಿಯಿತೆಂದು ನಿಲ್ಲಿಸಬೇಡ. ಕಾಯಿಸು, ತಣಿಸು, ಬಗ್ಗಿಸು, ಟೇಪು ಅಂಟಿಸಿ ಕಿತ್ತು ನೋಡು, ಮತ್ತೆ ಅಳೆ.

ಲೇಸರು ತಗುಲಿದ ಪ್ಲಾಸ್ಟಿಕ್ ಕರಕಲಾಯಿತೆಂದು ಎಸೆಯುವ ಮುನ್ನ ಅದನ್ನೂ ಅಳೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಟೂರ್ ಅವರ ಲ್ಯಾಬಿನವರು ಪಾಲಿಇಮೈಡ್ ಹಾಳೆಯ ಮೇಲೆ ಲೇಸರು ಹಾಯಿಸಿದಾಗ ಉಳಿದ ಕಪ್ಪು ಪದರ, ಕರೆಂಟು ಹರಿಸುವ ಗ್ರಾಫೀನಾಗಿತ್ತು. 2014ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಪಿವಿಸಿ ತುಂಡನ್ನು ಮಾತ್ರ ಯಾವ ಕಾರಣಕ್ಕೂ ಲೇಸರಿನ ಕೆಳಗಿಡಬೇಡ. ಅದು ಉಗುಳುವ ಹೈಡ್ರೋಜನ್ ಕ್ಲೋರೈಡ್ ನಿನ್ನ ಎದೆಗೂ ಕೇಡು, ಯಂತ್ರಕ್ಕೂ ಕೇಡು. ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನಿನ ಬೆಳಕನ್ನು ಪಾರದರ್ಶಕ ಅಕ್ರಿಲಿಕ್ ಮುಚ್ಚಳ ತಡೆಯುತ್ತದೆ. ಫೈಬರ್ ಲೇಸರಿನ ಸುಮಾರು 1 ಮೈಕ್ರಾನಿನ ಬೆಳಕು ಅದೇ ಮುಚ್ಚಳವನ್ನು ದಾಟಿ ಬರುತ್ತದೆ, ತಾಮ್ರದ ಮೇಲೆ ಬಿದ್ದರೆ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ನಿಮ್ಮಲ್ಲಿ ಎರಡೂ ಯಂತ್ರ ಇವೆ, ಲೇಸರಿನಿಂದ ಕಣ್ಣು ಕಾಯುವ ಕನ್ನಡಕಗಳೆಲ್ಲ ಒಂದೇ ಮೊಳೆಗೆ ತೂಗುತ್ತವೆ ಅಂದೆಯಲ್ಲ. ನಾಳೆ ಹೋದ ಕೂಡಲೇ ಅವನ್ನು ಬೇರೆ ಬೇರೆ ಮೊಳೆಗೆ ಹಾಕಿ, ಯಾವುದು ಯಾವ ಯಂತ್ರದ್ದೆಂದು ದೊಡ್ಡಕ್ಷರದಲ್ಲಿ ಬರೆದಿಡು.