ಸ್ಕ್ರೂ ನೋಡಿ ಇಂಪ್ಯಾಕ್ಟ್ ಡ್ರೈವರ್ ಕೊಳ್ಳಿ

ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಟೂಲ್ಸ್ ಅಂಗಡಿಗೆ ಹೋಗಿ ‘ಕಾರ್ಡ್‌ಲೆಸ್ ಇಂಪ್ಯಾಕ್ಟ್ ಡ್ರೈವರ್ ತೋರಿಸಿ’ ಎಂದರೆ ಮಾತು ಶುರುವಾಗುವುದೇ ಟಾರ್ಕ್ ಎಷ್ಟು, ವೋಲ್ಟ್ ಎಷ್ಟು ಎಂಬಲ್ಲಿಂದ. ಆ ಲೆಕ್ಕ ಆಮೇಲಿರಲಿ. ಮನೆಯಿಂದ ಹೊರಡುವಾಗಲೇ ನೀವು ಹೆಚ್ಚಾಗಿ ಬಳಸುವ ಸ್ಕ್ರೂಗಳಲ್ಲಿ ನಾಲ್ಕಾರು, ಜತೆಗೆ ನೀವು ಕೆಲಸ ಮಾಡುವ ಮರದ್ದೇ ಒಂದು ತುಂಡು ಚೀಲಕ್ಕೆ ಹಾಕಿಕೊಳ್ಳಿ. ಯಾವ ಯಂತ್ರ ಬೇಕು, ಅಸಲು ಬೇಕೋ ಬೇಡವೋ ಎಂಬುದನ್ನು ಹೇಳುವುದು ಆ ಸ್ಕ್ರೂಗಳೇ.

ಮೊದಲು, ಇದು ಬೇಕೇ ನೋಡಿ

ಇಂಪ್ಯಾಕ್ಟ್ ಡ್ರೈವರ್ ಎಂದರೆ ಜೋರಾದ ಡ್ರಿಲ್ ಅಲ್ಲ. ಸ್ಕ್ರೂ ಸಲೀಸಾಗಿ ಇಳಿಯುವವರೆಗೆ ಅದು ಬರೀ ತಿರುಗುತ್ತದೆ. ಮರ ತಡೆದ ಕೂಡಲೇ ಒಳಗಿನ ಸುತ್ತಿಗೆಯಂಥ ಭಾಗ ಸ್ಪ್ರಿಂಗನ್ನು ಒತ್ತುತ್ತಾ ಹಿಂದೆ ಸರಿದು, ಜಾರಿ ಮುಂದೆ ಬಂದು, ಬಿಟ್ ಹಿಡಿದಿರುವ ದಂಡದ ಕಿವಿಗಳಿಗೆ ಪಕ್ಕದಿಂದ ಬಡಿಯುತ್ತದೆ. ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಪೆಟ್ಟು. ಪೆಟ್ಟು ತಿರುಗುವ ದಿಕ್ಕಿನಲ್ಲೇ ಬೀಳುವುದರಿಂದ ಬಿಟ್ ಸ್ಕ್ರೂ ತಲೆಯಿಂದ ಹಾರುವುದು ಕಡಿಮೆ, ಮಣಿಕಟ್ಟಿಗೆ ತಿರುಚು ಬರುವುದೂ ಕಡಿಮೆ. ಚೌಕಟ್ಟು, ಮಂಚ, ಮಾಡಿನ ರೀಪು, ಡೆಕ್ ಹಲಗೆ, ಮೂರು ನಾಲ್ಕು ಇಂಚಿನ ಸ್ಕ್ರೂ ಎಲ್ಲೆಲ್ಲಿ ಇಳಿಯಬೇಕೋ ಅಲ್ಲೆಲ್ಲ ಇದಕ್ಕೆ ಸಾಟಿಯಿಲ್ಲ.

ಆದರೆ ಇದರಲ್ಲಿ ಡ್ರಿಲ್ ಡ್ರೈವರ್‌ಗಿರುವಂಥ ಕ್ಲಚ್ ಇರುವುದಿಲ್ಲ. ಪ್ಲೈವುಡ್ ವಾರ್ಡ್‌ರೋಬಿಗೆ ಹಿಂಜ್ ಕೂರಿಸುವ 16 ಮಿ.ಮೀ. ಸ್ಕ್ರೂವನ್ನು ಇದರಿಂದ ಬಿಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬಿಗಿಯಾಗಿ, ಅದೇ ಉಸಿರಿಗೆ ಸುತ್ತು ಕಳಚಿ ಸಡಿಲವಾಗುತ್ತದೆ. ಪಾರ್ಟಿಕಲ್ ಬೋರ್ಡ್ ಆದರೆ ಕೇಳುವುದೇ ಬೇಡ. ಹಿಂಜಿನ 35 ಮಿ.ಮೀ. ಬಟ್ಟಲು ಕೊರೆಯುವುದಕ್ಕೂ ಡ್ರಿಲ್ಲೇ ಬೇಕು. ನಿಮ್ಮ ಕೆಲಸವೆಲ್ಲ ಪ್ಲೈ ಮತ್ತು ಲ್ಯಾಮಿನೇಟ್‌ನಲ್ಲೇ ಮುಗಿಯುವುದಾದರೆ ಮೊದಲು ಒಂದು ಒಳ್ಳೆಯ ಡ್ರಿಲ್ ಡ್ರೈವರ್ ಕೊಳ್ಳಿ, ಇಂಪ್ಯಾಕ್ಟ್ ಎರಡನೆಯದಾಗಿ ಬರಲಿ. ಅಂಗಡಿಯವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹೆಸರು ಹತ್ತಿರವಿದೆಯೆಂದು ಇಂಪ್ಯಾಕ್ಟ್ ರೆಂಚ್ ಹೊತ್ತು ತರುವವರೂ ಇದ್ದಾರೆ. ಅದರ ಮೂತಿ ಚೌಕ, ಲಾರಿ ಗ್ಯಾರೇಜಿನ ನಟ್ ಬಿಚ್ಚಲು ಇರುವಂಥದ್ದು. ಮರಗೆಲಸಕ್ಕೆ ಬೇಕಾದ್ದು ಕಾಲು ಇಂಚಿನ ಆರುಮೂಲೆಯ ಬಿಟ್ ಕೂರುವ ಮೂತಿ.

12 ವೋಲ್ಟೋ 18 ವೋಲ್ಟೋ?

ಒಂದೂವರೆ, ಎರಡು ಇಂಚಿನ ಸ್ಕ್ರೂಗಳೇ ಹೆಚ್ಚಾಗಿದ್ದು ಕಪಾಟಿನ ಒಳಗೆ ಕೈ ತೂರಿಸಿ ಕೆಲಸ ಮಾಡುವವರಿಗೆ 12 ವೋಲ್ಟ್ ಸಾಕು. ಹಗುರ, ತಲೆ ಗಿಡ್ಡ, ಸಂಜೆಗೆ ಭುಜ ನೋಯುವುದಿಲ್ಲ. ತೇಗ, ಹೊನ್ನೆ, ಮತ್ತಿಯಂಥ ಮರಕ್ಕೆ ಮೂರು ಇಂಚಿನ ಮೇಲಿನ ಸ್ಕ್ರೂ ದಿನವೂ ಇಳಿಸಬೇಕಾದರೆ 18 ವೋಲ್ಟ್ ತೆಗೆದುಕೊಳ್ಳಿ. ಟಾರ್ಕ್ 12 ವೋಲ್ಟಿನಲ್ಲಿ 100 ನ್ಯೂಟನ್ ಮೀಟರ್ ಆಸುಪಾಸು, 18ರಲ್ಲಿ 140ರಿಂದ 180ರವರೆಗೆ ಸಾಮಾನ್ಯ. ಅದಕ್ಕೂ ಮೇಲಿನ ಅಂಕಿಗೆ ಮರಗೆಲಸದವರು ಹಣ ಸುರಿಯಬೇಕಿಲ್ಲ, ಅಷ್ಟು ಬಲಕ್ಕೆ ಮುರಿಯುವುದು ಸ್ಕ್ರೂವೇ. ಟಾರ್ಕ್‌ಗಿಂತ ಎರಡು ಮೂರು ವೇಗದ ಆಯ್ಕೆ ಇರುವುದು ಹೆಚ್ಚು ಉಪಯೋಗ. ದಿನಗೂಲಿ ಕೆಲಸಕ್ಕಾದರೆ ಬ್ರಷ್‌ಲೆಸ್ ಮೋಟರಿನದ್ದೇ ಇರಲಿ. ಕಾರ್ಬನ್ ಬ್ರಷ್ ಸವೆಯುವ ತಾಪತ್ರಯವಿಲ್ಲ, ಅದೇ ಚಾರ್ಜಿಗೆ ಹೆಚ್ಚು ಸ್ಕ್ರೂ ಇಳಿಯುತ್ತವೆ. ಮನೆಯಲ್ಲಿ ಭಾನುವಾರಕ್ಕೊಮ್ಮೆ ಕೈಗೆತ್ತಿಕೊಳ್ಳುವವರಿಗೆ ಬ್ರಷ್ ಇರುವುದೂ ನಡೆಯುತ್ತದೆ.

ನಿಜವಾಗಿ ಕೊಳ್ಳುವುದು ಬ್ಯಾಟರಿಯನ್ನು

ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಇಂದು ಕೊಳ್ಳುವ ಡ್ರೈವರ್, ನಾಳೆ ಬೇಕಾಗುವ ಡ್ರಿಲ್, ಗರಗಸ, ಸ್ಯಾಂಡರ್ ಯಾವ ಕಂಪನಿಯದಾಗಬೇಕೆಂದು ಈಗಲೇ ಗೊತ್ತುಮಾಡಿಬಿಡುತ್ತದೆ. ಹಾಗಾಗಿ ಆ ಬ್ಯಾಟರಿಗೆ ಇನ್ನೇನೇನು ಯಂತ್ರಗಳಿವೆ, ನಿಮ್ಮ ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಇದೆಯೇ, ಬಿಡಿ ಬ್ಯಾಟರಿಗೆ ಎಷ್ಟು ಬೆಲೆ, ಈ ಮೂರನ್ನು ಕೇಳಿಕೊಳ್ಳಿ. ಆನ್‌ಲೈನ್‌ನಲ್ಲಿ ತೀರಾ ಅಗ್ಗ ಕಂಡರೆ ಅದು ಬ್ಯಾಟರಿ, ಚಾರ್ಜರ್ ಇಲ್ಲದ ಬರೀ ಯಂತ್ರವಿರಬಹುದು. ವಿವರ ಓದಿ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದೂ ಒಂದು ಕಲೆ. 18 ವೋಲ್ಟಿನದ್ದೂ ‘20 ವೋಲ್ಟ್ ಮ್ಯಾಕ್ಸ್’ ಎಂದು ಬರೆದದ್ದೂ ಒಂದೇ. ಎರಡರಲ್ಲೂ ಸಾಲಾಗಿ ಐದು ಲಿಥಿಯಂ ಸೆಲ್, ಒಂದೊಂದು 3.6 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ 4.2 ವೋಲ್ಟ್ ಮುಟ್ಟಿ ಒಟ್ಟು 21 ಆಗುತ್ತದೆ. ಹೆಸರಿಲ್ಲದ ಅಗ್ಗದ ಯಂತ್ರಗಳ ಮೇಲೆ 48, 88 ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಬಿಚ್ಚಿದರೆ ಒಳಗಿರುವುದು ಸಾಮಾನ್ಯವಾಗಿ ಅದೇ ಐದು ಸೆಲ್. ಬ್ಯಾಟರಿಯ ಸಾಮರ್ಥ್ಯ ಹೇಳುವ ಆಂಪಿಯರ್ ಅವರ್ ಲೆಕ್ಕವನ್ನು ತೂಕದಿಂದ ಅಂದಾಜು ಮಾಡಬಹುದು. ಇಂಥ ಪ್ಯಾಕ್‌ಗಳಲ್ಲಿ ಬಹಳ ಕಾಲದಿಂದ ಬಳಸುವ 18650 ಸೆಲ್ ಒಂದಕ್ಕೆ 45 ಗ್ರಾಂಗೆ ಸ್ವಲ್ಪ ಹೆಚ್ಚು ಕಡಿಮೆ ತೂಕವಿದೆ. 2 ಆಂಪಿಯರ್ ಅವರಿನ ಸೆಲ್ ಆದರೆ 4 ಆಂಪಿಯರ್ ಅವರಿನ ಪ್ಯಾಕಿಗೆ ಹತ್ತು ಬೇಕು, ಸೆಲ್‌ಗಳೇ ಅರ್ಧ ಕಿಲೋ ಹತ್ತಿರ ಬರುತ್ತವೆ. 6 ಎಂದು ಬರೆದ ಪ್ಯಾಕ್ ಕೈಗೆ ಹಗುರವೆನಿಸಿದರೆ ಅಲ್ಲೇ ಇಟ್ಟು ಬನ್ನಿ.

ಬಹುತೇಕರಿಗೆ ದೊಡ್ಡದೊಂದಕ್ಕಿಂತ 2 ಆಂಪಿಯರ್ ಅವರಿನ ಎರಡು ಬ್ಯಾಟರಿ ಲೇಸು. ಒಂದು ಚಾರ್ಜಾಗುತ್ತಿರುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಕರೆಂಟ್ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಊರುಗಳಲ್ಲಂತೂ ಇದು ಬೇಕೇ ಬೇಕು.

ಅಮೆರಿಕದಲ್ಲಿರುವ ಮಕ್ಕಳ ಕೈಲಿ ತರಿಸುವ ಯೋಚನೆ ಇದ್ದರೆ ಚಾರ್ಜರ್ ಗಮನಿಸಿ. ಅಲ್ಲಿನದು 120 ವೋಲ್ಟಿಗೆ ಮಾತ್ರ ಇದ್ದರೆ ನಮ್ಮ 230ಕ್ಕೆ ಚುಚ್ಚಿದ ದಿನವೇ ಹೊಗೆ. ಕೊಲ್ಲಿಯಿಂದ ಬರುವವರಿಗೆ ಆ ಚಿಂತೆಯಿಲ್ಲ. ವಾರಂಟಿ ಇಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಇಬ್ಬರಿಗೂ ಇದ್ದೇ ಇದೆ. ಬಿಡಿ ಬ್ಯಾಟರಿಯನ್ನು ವಿಮಾನದಲ್ಲಿ ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು.

ಕೌಂಟರ್ ಮುಂದೆ

ಈಗ ಚೀಲದಿಂದ ಮರದ ತುಂಡು ತೆಗೆಯಿರಿ. ಬಿಟ್ ಹಾಕಿ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಚೂರು ಆಟ ಇದ್ದೇ ಇರುತ್ತದೆ, ಗಡಗಡ ಎನ್ನಬಾರದು. ಒಂದೇ ಕೈಯಲ್ಲಿ ಬಿಟ್ ಕೂರುವಂತಿದ್ದರೆ ಏಣಿಯ ಮೇಲೆ ಅನುಕೂಲ. ಟ್ರಿಗರನ್ನು ಮೆಲ್ಲಗೆ ಒತ್ತಿ. ಬಿಟ್ ಇರುವೆ ನಡೆದಂತೆ ತಿರುಗಲು ಶುರುವಾಗಿ ಹಂತಹಂತವಾಗಿ ವೇಗ ಹಿಡಿಯಬೇಕು. ಥಟ್ಟನೆ ಓಟ ಕಿತ್ತರೆ ನಾಜೂಕಿನ ಕೆಲಸಕ್ಕೆ ಆಗದು. ನಿಮ್ಮದೇ ಸ್ಕ್ರೂ ಒಂದನ್ನು ಇಳಿಸಿ, ತಲೆ ಮರದ ಮಟ್ಟಕ್ಕೆ ಬಂದಾಗ ನಿಲ್ಲಿಸಿ ನೋಡಿ. ಬೆರಳು ತೆಗೆದ ತಕ್ಷಣ ನಿಲ್ಲುತ್ತದೆಯೇ, ದೀಪದ ಬೆಳಕಿಗೆ ಬಿಟ್‌ನ ನೆರಳು ಸ್ಕ್ರೂ ಮೇಲೇ ಬೀಳುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಸದ್ದು ಕಿವಿಗೆ ಬಡಿಯುತ್ತದಲ್ಲವೇ? ಅದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಇಯರ್ ಮಫ್ ಒಂದನ್ನು ಇದೇ ಬಿಲ್ಲಿಗೆ ಸೇರಿಸಿ.

ಬಿಟ್ ವಿಷಯದಲ್ಲಿ ಜಿಪುಣತನ ಬೇಡ. ಇಂಪ್ಯಾಕ್ಟ್‌ಗೆಂದೇ ಮಾಡಿದ, ನಡುವೆ ಸಣ್ಣಗಾಗಿ ತುಸು ತಿರುಚಿಕೊಡುವ ಬಿಟ್ ಕೇಳಿ. ನಮ್ಮಲ್ಲಿ ‘ಸ್ಟಾರ್’ ಎನ್ನುವ ಸಾಮಾನ್ಯ ಸ್ಕ್ರೂಗಳಿಗೆ ಬಹುಪಾಲು ಪಿಎಚ್2 ಹೊಂದುತ್ತದೆ. ಜಿಪ್ಸಂ ಶೀಟಿನ ಕಪ್ಪು ಸ್ಕ್ರೂ ಗಡುಸು, ಆದರೆ ಪೆಡಸು. ಗಟ್ಟಿ ಮರದಲ್ಲಿ ಇಂಪ್ಯಾಕ್ಟ್ ಪೆಟ್ಟಿಗೆ ಅದರ ತಲೆ ಪಟ್ಟೆಂದು ಹಾರಿ ದಂಡ ಒಳಗೇ ಉಳಿಯುತ್ತದೆ. ಎಂಟನೇ ನಂಬರಿನ ಸ್ಕ್ರೂಗೆ ಗಟ್ಟಿ ಮರದಲ್ಲಿ 3 ಮಿ.ಮೀ. ತೂತು ಮೊದಲೇ ಕೊರೆಯಿರಿ. ಮೇಲಿನ ಹಲಗೆಯಲ್ಲಿ ಆ ತೂತು 4.5 ಮಿ.ಮೀ. ಇರಲಿ, ಎರಡು ಹಲಗೆ ಸಂದಿಲ್ಲದೆ ಕೂಡಿಕೊಳ್ಳುತ್ತವೆ. ಹಿತ್ತಾಳೆ ಸ್ಕ್ರೂ ಇದ್ದರೆ ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಂದನ್ನು ಮೊದಲು ಇಳಿಸಿ ತೆಗೆದು, ಹಿತ್ತಾಳೆಯದಕ್ಕೆ ಮೇಣ ಸವರಿ ಕೈ ಸ್ಕ್ರೂಡ್ರೈವರಿನಿಂದಲೇ ಬಿಗಿಸಿ.